ಮೂಲನಿವಾಸಿಗಳ ಊರಿನಲ್ಲಿ ಆತ್ಮಹತ್ಯೆ ತಡೆ ತರಬೇತಿ: ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ಹಂತ ಹಂತದ ಮಾರ್ಗದರ್ಶಿ

ಹೊರದೇಶದಲ್ಲಿ ಓದಿದ ಡಾಕ್ಟರು ಆಸ್ಟ್ರೇಲಿಯಾದಲ್ಲಿ ಮೆಡಿಕೇರ್ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಅಡಿ ರೋಗಿಗಳನ್ನು ನೋಡಬೇಕಾದರೆ ಸಾಮಾನ್ಯವಾಗಿ 10 ವರ್ಷ ವೈದ್ಯರ ಕೊರತೆ ಇರುವ ಜಾಗಗಳಲ್ಲಿ ಕೆಲಸ ಮಾಡಬೇಕು. ಹಾಗಾಗಿ ಕರ್ನಾಟಕದಿಂದ ಹೋದವರೂ ದೂರದ ಸಣ್ಣ ಊರುಗಳನ್ನು ಸೇರುತ್ತಾರೆ. ನರ್ಸುಗಳು, ಸೋಷಿಯಲ್ ವರ್ಕರುಗಳೂ ಹೋಗುತ್ತಾರೆ. ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ಅಬೊರಿಜಿನಲ್ ಜನರ ಪರಿಚಯ ಎಷ್ಟೋ ಮಂದಿಗೆ ಆಗುವುದು ಅಲ್ಲೇ, ಮೊದಲ ಸಲ. ಕೆಲಸಕ್ಕೆ ಸೇರಿ ಸ್ವಲ್ಪ ದಿನಕ್ಕೇ ಮೇಲಿನವರು ಹೇಳಬಹುದು: "ಇಲ್ಲಿ ಆತ್ಮಹತ್ಯೆ ತಡೆ ತರಬೇತಿ ಆಗಬೇಕು, ನೀವೇ ನೋಡಿಕೊಳ್ಳಿ." ಆಗ ಕೈಗೆ ಸಿಕ್ಕ ರೆಡಿಮೇಡ್ ಸ್ಲೈಡುಗಳನ್ನು ಹಿಡಿದುಕೊಂಡು ಹೋಗಿಬಿಡುವುದು ಸುಲಭ. ದಯವಿಟ್ಟು ಹಾಗೆ ಮಾಡಬೇಡಿ. ಒಳ್ಳೆ ಮನಸ್ಸಿನಿಂದ ಮಾಡಿದ ತರಬೇತಿಯೂ ಇಂಥ ಊರುಗಳಲ್ಲಿ ನೋವು ಹೆಚ್ಚಿಸಬಹುದು. ಯಾವ ಕ್ರಮದಲ್ಲಿ ಹೋದರೆ ಉಪಯೋಗ ಆಗುತ್ತದೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ತುರ್ತಿನ ಮಾತು. ಆಸ್ಟ್ರೇಲಿಯಾದಲ್ಲಿ 13ಯಾರ್ನ್ ಎಂಬ ಸಹಾಯವಾಣಿ ಇದೆ, ನಂಬರ್ 13 92 76. 2022ರಲ್ಲಿ ಶುರುವಾದದ್ದು. ದಿನದ 24 ಗಂಟೆಯೂ ಅಲ್ಲಿ ಮಾತಾಡಿಸುವವರು ಅಬೊರಿಜಿನಲ್ ಮತ್ತು ಟಾರೆಸ್ ಜಲಸಂಧಿ ದ್ವೀಪಗಳ ಜನರೇ. ಎಲ್ಲರಿಗೂ ಇರುವ ಲೈಫ್‌ಲೈನ್ ನಂಬರ್ 13 11 14. ಪ್ರಾಣಕ್ಕೆ ಈಗಲೇ ಅಪಾಯ ಇದ್ದರೆ 000. ಭಾರತದಲ್ಲಿ ಓದುತ್ತಿದ್ದರೆ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಓದುವಾಗ ನಿಮಗೇ ಭಾರ ಅನಿಸಿದರೆ ನಿಲ್ಲಿಸಿ. ಹತ್ತಿರದ ಒಬ್ಬರ ಜೊತೆ ಮಾತಾಡಿ.

ಪ್ರತ್ಯೇಕ ತರಬೇತಿ ಯಾಕೆ

ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳ ಆತ್ಮಹತ್ಯೆ ಪ್ರಮಾಣ ಉಳಿದವರಿಗಿಂತ ಎರಡು ಪಟ್ಟಿಗೂ ಜಾಸ್ತಿ. 15ರಿಂದ 39 ವಯಸ್ಸಿನವರಲ್ಲಿ ಸಾವಿಗೆ ಮೊದಲ ಕಾರಣವೇ ಇದು. ಈ ಅಂಕಿಯನ್ನು ನೋಡಿ "ಅವರ ಸಂಸ್ಕೃತಿಯಲ್ಲೇ ಏನೋ ತೊಂದರೆ ಇದೆ" ಎಂದುಕೊಳ್ಳುವವರಿದ್ದಾರೆ. ವಿಷಯ ಇರುವುದು ಉಲ್ಟಾ. ಬ್ರಿಟಿಷರು ಬಂದು ನೆಲೆಸಿದ 1788ರಿಂದ ನೆಲ ಹೋಯಿತು. ಭಾಷೆ ಹೋಯಿತು. ಸರ್ಕಾರ, ಚರ್ಚುಗಳು ಮಕ್ಕಳನ್ನು ಅಮ್ಮಂದಿರ ಕೈಯಿಂದ ಕಿತ್ತುಕೊಂಡು ಹೋದವು. 1997ರ ರಾಷ್ಟ್ರೀಯ ವಿಚಾರಣಾ ವರದಿ ಇದನ್ನೆಲ್ಲ ದಾಖಲಿಸಿದೆ. ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರ ಫೆಬ್ರವರಿ 13ರಂದು. ಹಾಗೆ ಕಿತ್ತುಕೊಂಡು ಹೋದ ಮಕ್ಕಳು ಈಗ ಅಜ್ಜ ಅಜ್ಜಿಯರಾಗಿ ನಿಮ್ಮ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಿರುತ್ತಾರೆ.

ಸಂಸ್ಕೃತಿ ಕಾಪಾಡುತ್ತದೆ ಅನ್ನುವುದಕ್ಕೆ ಆಧಾರವೂ ಇದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೈಕೆಲ್ ಚಾಂಡ್ಲರ್ ಮತ್ತು ಕ್ರಿಸ್ಟೋಫರ್ ಲಾಲೋಂಡ್ ಸುಮಾರು 200 ಮೂಲನಿವಾಸಿ ಸಮುದಾಯಗಳನ್ನು ಅಧ್ಯಯನ ಮಾಡಿದರು. 1998ರಲ್ಲಿ ಪ್ರಕಟವಾಯಿತು. ಅರ್ಧಕ್ಕಿಂತ ಜಾಸ್ತಿ ಸಮುದಾಯಗಳಲ್ಲಿ, ಅವರು ನೋಡಿದ ವರ್ಷಗಳಲ್ಲಿ, ಯುವಜನರ ಒಂದೂ ಆತ್ಮಹತ್ಯೆ ಆಗಿರಲಿಲ್ಲ. ಸ್ವಂತ ಆಡಳಿತ, ನೆಲದ ಹಕ್ಕಿಗೆ ಹೋರಾಟ, ಶಾಲೆ, ಆರೋಗ್ಯ ಸೇವೆ, ಪೊಲೀಸ್ ಮತ್ತು ಅಗ್ನಿಶಾಮಕ ಸೇವೆ, ಸಂಸ್ಕೃತಿಗೆ ಒಂದು ಜಾಗ. ಇವುಗಳಲ್ಲಿ ಎಷ್ಟು ಜಾಸ್ತಿ ತಮ್ಮ ಕೈಯಲ್ಲಿದ್ದವೋ ಅಷ್ಟು ಕಡಿಮೆ ಸಾವು. ಮುಂದೆ 2007ರ ಅಧ್ಯಯನದಲ್ಲಿ ಭಾಷೆಯ ವಿಷಯವೂ ಹಾಗೇ ಕಂಡಿತು. ಹೆಚ್ಚಿನ ಜನ ತಮ್ಮ ಭಾಷೆ ಆಡುವ ಊರುಗಳಲ್ಲಿ ಯುವಜನರ ಆತ್ಮಹತ್ಯೆ ತೀರ ಕಡಿಮೆ.

ನನ್ನ ಮಟ್ಟಿಗೆ ಇಡೀ ಮಾರ್ಗದರ್ಶಿಯ ತಿರುಳು ಇದರಲ್ಲೇ ಇದೆ. ತಮ್ಮ ಬದುಕು ತಮ್ಮ ಕೈಯಲ್ಲಿರುವುದೇ ರಕ್ಷಣೆ ಅಂದಮೇಲೆ, ಆ ಹಿಡಿತವನ್ನು ಇನ್ನಷ್ಟು ಕಿತ್ತುಕೊಳ್ಳುವ ತರಬೇತಿ ತಡೆಯ ಕೆಲಸ ಮಾಡಲಾರದು. ಏನು ಕಲಿಸುತ್ತೀರಿ ಅನ್ನುವುದಕ್ಕಿಂತ ಯಾರು ತೀರ್ಮಾನ ಮಾಡುತ್ತಾರೆ ಅನ್ನುವುದು ದೊಡ್ಡದು.

"ಸಾಂಸ್ಕೃತಿಕ ಸುರಕ್ಷತೆ" ಎಂಬ ವಿಚಾರವನ್ನು ಬೆಳೆಸಿದವರು ನ್ಯೂಜಿಲೆಂಡಿನ ಮಾವೋರಿ ನರ್ಸ್ ಇರಿಹಾಪೆಟಿ ರಾಮ್ಸ್‌ಡೆನ್. 1992ರಲ್ಲಿ ಅಲ್ಲಿನ ನರ್ಸಿಂಗ್ ಕೌನ್ಸಿಲ್ ಅದನ್ನು ಒಪ್ಪಿಕೊಂಡಿತು. ಅದರ ಮೂಲ ಮಾತು ಸರಳ. ಸೇವೆ ಸುರಕ್ಷಿತವಾಗಿತ್ತಾ ಇಲ್ಲವಾ ಅಂತ ಹೇಳುವ ಹಕ್ಕು ಸೇವೆ ಪಡೆದವರದ್ದು. ನಾವು ಎಷ್ಟು ಓದಿಕೊಂಡಿದ್ದೇವೆ, ಎಷ್ಟು ಸರ್ಟಿಫಿಕೇಟ್ ಇದೆ ಅನ್ನುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಹಂತ 1: ಕರೆದವರು ಯಾರು ಅಂತ ನೋಡಿ

ತರಬೇತಿ ಬೇಕು ಅಂದವರು ಊರಿನವರಾ, ಇಲಾಖೆಯವರಾ? ಇಲಾಖೆಯಾದರೆ ಮೊದಲು ಊರಿನ ಬಾಗಿಲಿಗೆ ಹೋಗಿ. ಹೆಚ್ಚಿನ ಕಡೆ ಅದಕ್ಕೆ ದಾರಿ ಅಂದರೆ ಅಬೊರಿಜಿನಲ್ ಜನರೇ ನಡೆಸುವ ಆರೋಗ್ಯ ಸಂಸ್ಥೆ. ಇಂಥ ಮೊದಲ ಸಂಸ್ಥೆ 1971ರಲ್ಲಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ಶುರುವಾಯಿತು. ಈಗ ದೇಶದ ತುಂಬ ಇವೆ. ಅವುಗಳ ರಾಷ್ಟ್ರೀಯ ಒಕ್ಕೂಟದ ಹೆಸರು ನಾಚೋ. ನಿಮ್ಮ ಊರಿಗೆ ಸೇರಿದ ಸಂಸ್ಥೆ ಯಾವುದು ಅಂತ ಕೇಳಿ, ಅವರ ಮ್ಯಾನೇಜರ್ ಹತ್ತಿರ ಹೋಗಿ, ಪ್ರಶ್ನೆ ಇಡಿ: "ಇಂಥದ್ದೊಂದು ತರಬೇತಿಗೆ ದುಡ್ಡಿದೆ. ನಿಮಗೆ ಬೇಕಾ? ಬೇಕಾದರೆ ಹೇಗೆ ಬೇಕು? ಈಗ ಬೇಡವಾ?"

"ಈಗ ಬೇಡ" ಅಂದರೆ ಅದೇ ಉತ್ತರ. ಒತ್ತಾಯ ಮಾಡಬೇಡಿ. ಅವರಿಗೆ ಬೇಕಾಗಿರುವುದು ಬೇರೆ ಇರಬಹುದು. ಹುಡುಗರಿಗೆ ರಾತ್ರಿ ಹೊತ್ತು ಕೂರಲು ಒಂದು ಜಾಗ, ಹಿರಿಯರ ಜೊತೆ ಕಾಡಿಗೆ ಹೋಗಲು ಒಂದು ಗಾಡಿ. ಅದೂ ಆತ್ಮಹತ್ಯೆ ತಡೆಯೇ. ಆ ದುಡ್ಡನ್ನು ಅದಕ್ಕೆ ತಿರುಗಿಸಲು ಆಗುತ್ತದಾ ಅಂತ ಮೇಲಿನವರ ಹತ್ತಿರ ವಾದ ಮಾಡುವುದು ನಿಮ್ಮ ಕೆಲಸ.

ಹಂತ 2: ನಿಮ್ಮ ಪಾಠ ನೀವು ಕಲಿಯಿರಿ

ಆಸ್ಟ್ರೇಲಿಯಾದಲ್ಲಿ ಬಿಳಿಯರು ಬರುವ ಮುಂಚೆ 250ಕ್ಕೂ ಹೆಚ್ಚು ಭಾಷೆಗಳಿದ್ದವು. "ಅಬೊರಿಜಿನಲ್ ಸಂಸ್ಕೃತಿ" ಅಂತ ಒಂದೇ ಇಲ್ಲ. ನೀವಿರುವ ನೆಲ ಯಾರದ್ದು? ಭಾಷೆ ಯಾವುದು? ಮೊದಲು ಅಲ್ಲಿ ಚರ್ಚಿನವರು ನಡೆಸುವ ಮಿಷನ್ ಇತ್ತಾ? ಬೇರೆ ಬೇರೆ ಕಡೆಯಿಂದ ಎಳೆದು ತಂದ ಕುಟುಂಬಗಳು ಒಂದೇ ಊರಲ್ಲಿವೆಯಾ? ಅವುಗಳ ನಡುವೆ ಹಳೆ ಮನಸ್ತಾಪ ಇದೆಯಾ? ಇದನ್ನು ಲೈಬ್ರರಿಯಲ್ಲಿ ಓದಿ, ಅಬೊರಿಜಿನಲ್ ಹೆಲ್ತ್ ವರ್ಕರ್ ಸಹೋದ್ಯೋಗಿಗಳಿಂದ ಕೇಳಿ ತಿಳಿಯಿರಿ. ಆದರೆ ಎಲ್ಲವನ್ನೂ ಅವರೇ ಕಲಿಸಲಿ ಅಂತ ಕೂರಬೇಡಿ. ಬಂದ ಪ್ರತಿ ಹೊಸ ಡಾಕ್ಟರಿಗೂ ತಮ್ಮ ದುಃಖವನ್ನು ಮೊದಲಿಂದ ಹೇಳಿ ಹೇಳಿ ಅವರು ದಣಿದಿರುತ್ತಾರೆ.

ಇನ್ನೊಂದು ವಿಷಯ ನಮ್ಮವರಿಗೇ ಹೇಳಬೇಕು. "ನಾವೂ ಬ್ರಿಟಿಷರ ಕೈಕೆಳಗೆ ಇದ್ದವರು, ನಮಗೆ ಗೊತ್ತು" ಎಂದು ಶುರು ಮಾಡಬೇಡಿ. ನಮ್ಮ ಭಾಷೆ, ಹೊಲ, ದೇವರು, ಹಬ್ಬ ಉಳಿದಿವೆ. ಅವರಿಗೆ ಎಲ್ಲ ಹಾಗೆ ಉಳಿಯಲಿಲ್ಲ. ಈಗ ನಾವು ಆ ದೇಶದ ಸರ್ಕಾರಿ ವ್ಯವಸ್ಥೆಯ ಭಾಗವಾಗಿ ಅವರ ಎದುರು ಕೂತಿರುತ್ತೇವೆ. ಚರ್ಮದ ಬಣ್ಣ ಹತ್ತಿರ ಇದ್ದ ಮಾತ್ರಕ್ಕೆ ನಂಬಿಕೆ ಬರುವುದಿಲ್ಲ.

ನಂಬಿಕೆ ಬರುವುದು ಸುಮ್ನೆ ಕೂತು ಮಾತಾಡುವುದರಿಂದ. ಅಲ್ಲಿ ಅದಕ್ಕೆ ಯಾರ್ನಿಂಗ್ ಅನ್ನುತ್ತಾರೆ. ಯಾವ ಊರು, ಯಾರ ಮಗ, ಮನೆಯಲ್ಲಿ ಯಾರಿದ್ದಾರೆ, ಇದೆಲ್ಲ ಮೊದಲು. ಕೆಲಸದ ಮಾತು ಕೊನೆಗೆ, ಅದೂ ಬಂದರೆ. ನಾರ್ದರ್ನ್ ಟೆರಿಟರಿಯ ನೌಯು ಊರಿನ ಹಿರಿಯರು ಮಿರಿಯಮ್-ರೋಸ್ ಉಂಗುನ್ಮೆರ್-ಬೌಮನ್ "ದದಿರಿ" ಅನ್ನುವುದನ್ನು ಜಗತ್ತಿಗೆ ಪರಿಚಯಿಸಿದರು. ಒಳಗಿನಿಂದ ಕೇಳಿಸಿಕೊಳ್ಳುವುದು, ನಿಶ್ಚಲವಾಗಿ ಕಾಯುವುದು. ತರಬೇತಿ ಕೊಡುವವರು ಮೊದಲು ಇದನ್ನು ಅಭ್ಯಾಸ ಮಾಡಬೇಕು.

ಹಂತ 3: ತೀರ್ಮಾನ ಮಾಡುವ ಗುಂಪು ಕಟ್ಟಿ

ಹಿರಿಯರು ಬೇಕು. ಯುವಜನರೂ ಬೇಕು, ಯಾಕೆಂದರೆ ಹೆಚ್ಚು ಸಾಯುತ್ತಿರುವವರು ಅವರು. ಮನೆಯಲ್ಲಿ ಇಂಥ ಸಾವು ಕಂಡವರು, ತಾವೇ ಆ ಅಂಚಿಗೆ ಹೋಗಿ ಬಂದವರು ಇರಬೇಕು. ಬೇರೆ ಬೇರೆ ಕುಟುಂಬದವರು ಇರಬೇಕು. ಒಂದೇ ಕುಟುಂಬದವರನ್ನು ತುಂಬಿಸಿದರೆ ಉಳಿದವರು ಬರುವುದೇ ಇಲ್ಲ. ಸಿಸ್ಟರ್‌ಗರ್ಲ್, ಬ್ರದರ್‌ಬಾಯ್ ಎಂದು ಕರೆದುಕೊಳ್ಳುವ ಲಿಂಗ ಅಲ್ಪಸಂಖ್ಯಾತರನ್ನು ಮರೆಯಬೇಡಿ. ಅವರ ಮೇಲೆ ಎರಡು ಕಡೆಯ ಭಾರ ಇರುತ್ತದೆ.

ಇವರಿಗೆಲ್ಲ ದುಡ್ಡು ಕೊಡಿ. ಸಲಹೆಗಾರರಿಗೆ ಕೊಡುವ ಹಾಗೆ ಗಂಟೆಗೆ ಇಷ್ಟು ಅಂತ. ಹಿರಿಯರ ಜ್ಞಾನ ಪುಕ್ಕಟೆ ಅಂತ ತಿಳಿಯುವುದು ಹಳೇ ಚಾಳಿ. ಬಜೆಟ್ ಬರೆಯುವಾಗಲೇ ಇದನ್ನು ಸೇರಿಸಿ. ಆಮೇಲೆ ಸೇರಿಸಲು ಹೋದರೆ ಆಗುವುದಿಲ್ಲ.

ಗುಂಪಿನ ಮುಂದೆ ಇಡಬೇಕಾದ ಪ್ರಶ್ನೆಗಳು ಹೀಗಿರಲಿ. ಗಂಡಸರು ಹೆಂಗಸರು ಒಟ್ಟಿಗೆ ಕೂರಬಹುದಾ, ಬೇರೆ ಬೇರೆಯಾ? ಕೆಲವು ವಿಷಯ ಗಂಡಸರದ್ದು, ಕೆಲವು ಹೆಂಗಸರದ್ದು. ಯಾರು ಯಾರ ಎದುರು ಮಾತಾಡುವಂತಿಲ್ಲ? ಬಹಳ ಸಮುದಾಯಗಳಲ್ಲಿ ಅತ್ತೆ ಅಳಿಯ ಒಬ್ಬರನ್ನೊಬ್ಬರು ನೇರ ನೋಡುವುದಿಲ್ಲ, ಮಾತಾಡುವುದಿಲ್ಲ. ಅದು ಗೌರವ. ಗೊತ್ತಿಲ್ಲದೆ ಅವರಿಬ್ಬರನ್ನು ಜೋಡಿ ಮಾಡಿ "ರೋಲ್ ಪ್ಲೇ ಮಾಡಿ" ಅಂದರೆ ಒಬ್ಬರು ಎದ್ದು ಹೋಗುತ್ತಾರೆ, ಯಾಕೆ ಅಂತ ನಿಮಗೆ ತಿಳಿಯುವುದೂ ಇಲ್ಲ. ಇಂಗ್ಲಿಷ್ ಸಾಕಾ, ದುಭಾಷಿ ಬೇಕಾ? ದುಭಾಷಿ ಬೇಕಾದರೆ ಅವರು ಯಾರ ನೆಂಟರು? ಸಣ್ಣ ಊರಲ್ಲಿ ಗುಟ್ಟು ಉಳಿಯುವುದು ಕಷ್ಟ.

ಹಂತ 4: ರಕ್ಷಣೆಯ ಬಲೆ ಕಟ್ಟಿದ ಮೇಲೇ ತರಬೇತಿ

ಈ ಹಂತವನ್ನು ದಾಟಿ ಹೋಗುವವರೇ ಜಾಸ್ತಿ. ಹಾಗಾಗಿ ಸ್ವಲ್ಪ ಹೆಚ್ಚು ಹೇಳುತ್ತೇನೆ.

ಕೆನಡಾದ ಮ್ಯಾನಿಟೋಬಾದಲ್ಲಿ ಸ್ವಾಂಪಿ ಕ್ರೀ ಎಂಬ ಮೂಲನಿವಾಸಿ ಸಮುದಾಯಗಳ ಜೊತೆ ಒಂದು ಅಧ್ಯಯನ ನಡೆಯಿತು. 2013ರಲ್ಲಿ ಪ್ರಕಟವಾಯಿತು. ಜಗತ್ತಿನಾದ್ಯಂತ ಬಳಸುವ ಅಸಿಸ್ಟ್ ಎಂಬ ಎರಡು ದಿನದ ಆತ್ಮಹತ್ಯೆ ತಡೆ ತರಬೇತಿಯನ್ನು ಒಂದು ಗುಂಪಿಗೆ ಕೊಟ್ಟರು. ಇನ್ನೊಂದು ಗುಂಪನ್ನು ಎರಡು ದಿನದ ಬೇರೆ ಶಿಬಿರಕ್ಕೆ ಕರೆದುಕೊಂಡು ಹೋದರು. ತರಬೇತಿ ಪಡೆದವರ ಕೌಶಲ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಷ್ಟೇ ಅಲ್ಲ, ತರಬೇತಿ ಪಡೆದ ಕೆಲವರಲ್ಲೇ ಆಮೇಲೆ ಆತ್ಮಹತ್ಯೆಯ ಯೋಚನೆ ಕಂಡದ್ದು ಸಂಶೋಧಕರಿಗೆ ಚಿಂತೆ ತಂದಿತು. ಸಣ್ಣ ಅಧ್ಯಯನ. ಅದರಿಂದ ಆ ತರಬೇತಿಯೇ ಕೆಟ್ಟದ್ದು ಅಂತ ಹೇಳಲಾಗುವುದಿಲ್ಲ. ಆದರೆ ಎಚ್ಚರಿಕೆಗೆ ಸಾಕು.

ಯೋಚಿಸಿ. ನಗರದ ಆಫೀಸಿನಲ್ಲಿ ತರಬೇತಿಗೆ ಬಂದ ಇಪ್ಪತ್ತು ಜನರಲ್ಲಿ ಒಬ್ಬಿಬ್ಬರಿಗೆ ಇಂಥ ಸಾವಿನ ಅನುಭವ ಇರಬಹುದು. ಈ ಊರುಗಳಲ್ಲಿ ಕೋಣೆಯಲ್ಲಿರುವ ಎಲ್ಲರೂ ಯಾರನ್ನಾದರೂ ಕಳೆದುಕೊಂಡಿರಬಹುದು. ಕೆಲವೊಮ್ಮೆ ಒಂದೇ ವರ್ಷದಲ್ಲಿ ಹಲವರನ್ನು. ಅವರ ಗಾಯ ಬಿಚ್ಚಿ, ಸಂಜೆ ಐದಕ್ಕೆ ಲ್ಯಾಪ್‌ಟಾಪ್ ಮುಚ್ಚಿ, ನಾವು ವಿಮಾನ ಹತ್ತಿದರೆ ರಾತ್ರಿ ಅವರ ಪಾಡು ಏನು?

ಅದಕ್ಕೇ ದಿನಾಂಕ ಗೊತ್ತು ಮಾಡುವ ಮುಂಚೆ ಇವು ಸಿದ್ಧ ಇರಬೇಕು. ತರಬೇತಿ ಕೋಣೆಯಲ್ಲೇ ಪಾಠ ಮಾಡದ ಒಬ್ಬ ಕೌನ್ಸೆಲರ್, ಸಾಧ್ಯವಾದರೆ ಒಬ್ಬ ಗಂಡಸು ಒಬ್ಬ ಹೆಂಗಸು. ಎದ್ದು ಹೋದವರು ಕೂರಲು ಹೊರಗೆ ಒಂದು ನೆಮ್ಮದಿಯ ಜಾಗ. ರಾತ್ರಿ ಮತ್ತು ವಾರಾಂತ್ಯದಲ್ಲಿ ಫೋನ್ ಎತ್ತುವ ಸ್ಥಳೀಯರೊಬ್ಬರು. ತರಬೇತಿ ಮುಗಿದ ಮೇಲೆ ಪ್ರತಿಯೊಬ್ಬರನ್ನೂ ಹೋಗಿ ಮಾತಾಡಿಸುವ ಜವಾಬ್ದಾರಿ ಯಾರದ್ದು ಅನ್ನುವ ಬರಹ. ಹತ್ತಿರದ ಮಾನಸಿಕ ಆರೋಗ್ಯ ತಂಡ ಎಷ್ಟು ದೂರದಲ್ಲಿದೆ, ಬರಲು ಎಷ್ಟು ಹೊತ್ತು, ಮಳೆಗಾಲದಲ್ಲಿ ರಸ್ತೆ ಮುಚ್ಚಿದರೆ ಏನು ಮಾಡುವುದು. ಇದಿಷ್ಟೂ ಇಲ್ಲದಿದ್ದರೆ ತರಬೇತಿ ಮುಂದೆ ಹಾಕಿ. ಫಂಡಿಂಗ್ ವರ್ಷ ಮುಗಿಯುತ್ತದೆ ಅನ್ನುವುದು ಕಾರಣವಾಗಬಾರದು.

ಹಂತ 5: ಪಠ್ಯ ಯಾವುದು, ಕಲಿಸುವವರು ಯಾರು

ಹೊಸದಾಗಿ ಬರೆಯಬೇಕಾಗಿಲ್ಲ. ಆಸ್ಟ್ರೇಲಿಯಾದಲ್ಲಿ ಅಬೊರಿಜಿನಲ್ ಮತ್ತು ಟಾರೆಸ್ ಜಲಸಂಧಿ ದ್ವೀಪದ ಜನರಿಗಾಗಿಯೇ ಮಾಡಿದ ಮೆಂಟಲ್ ಹೆಲ್ತ್ ಫಸ್ಟ್ ಏಡ್ ಕೋರ್ಸ್ ಇದೆ. ಕಲಿಸುವವರೂ ಅದೇ ಸಮುದಾಯದವರು. ಪಿಲ್ಬರಾ ಪ್ರದೇಶದ ನ್ಜಾಮಲ್ ಸಮುದಾಯದ ಮನೋವಿಜ್ಞಾನಿ ಟ್ರೇಸಿ ವೆಸ್ಟರ್‌ಮನ್ ಅಬೊರಿಜಿನಲ್ ಯುವಜನರ ಅಪಾಯ ಗುರುತಿಸಲು ಬೇರೆಯೇ ಪ್ರಶ್ನಾವಳಿ ರೂಪಿಸಿದ್ದಾರೆ, ತರಬೇತಿಯನ್ನೂ ನಡೆಸುತ್ತಾರೆ. ಕಿಂಬರ್ಲಿಯ ಬಾರ್ಡಿ ಸಮುದಾಯದ ಪ್ಯಾಟ್ ಡಡ್ಜನ್ ಮತ್ತು ಜೊತೆಗಾರರು 2016ರಲ್ಲಿ ದೇಶದ ತುಂಬ ಸುತ್ತಿ, ಏನು ಕೆಲಸ ಮಾಡುತ್ತದೆ ಅಂತ ಒಂದು ದೊಡ್ಡ ವರದಿ ಕೊಟ್ಟರು. ಸಮುದಾಯವೇ ಮುಂದೆ ನಿಂತು ನಡೆಸಿದ್ದು ಉಳಿಯುತ್ತದೆ ಅನ್ನುವುದು ಅದರ ಮುಖ್ಯ ಮಾತು.

ಇವುಗಳನ್ನು ಸಲಹಾ ಗುಂಪಿನ ಮುಂದೆ ಇಡಿ. ಅವರು ಆರಿಸಲಿ, ಕತ್ತರಿಸಲಿ, ಸೇರಿಸಲಿ. ವಿಡಿಯೋದಲ್ಲಿ ತೀರಿಹೋದವರ ಮುಖ, ದನಿ ಇದ್ದರೆ ಮೊದಲೇ ಎಚ್ಚರಿಕೆ ಕೊಡಬೇಕು, ಅಥವಾ ತೆಗೆಯಬೇಕು.

ಪಠ್ಯದ ಬುಡದಲ್ಲಿ ಒಂದು ಬೇರೆ ಚಿತ್ರ ಇರಬೇಕು. ಆಸ್ಪತ್ರೆ ಪಾಠದಲ್ಲಿ ಖಿನ್ನತೆ, ಮೆದುಳು, ಮಾತ್ರೆ. ಇಲ್ಲಿ ಆರೋಗ್ಯ ಅಂದರೆ ಏಳು ನಂಟು: ಮೈ, ಮನಸ್ಸು, ಕುಟುಂಬ ಮತ್ತು ಬಳಗ, ಸಮುದಾಯ, ಸಂಸ್ಕೃತಿ, ನೆಲ, ಪೂರ್ವಜರು ಮತ್ತು ಆತ್ಮ. ಯಾವ ನಂಟು ಸಡಿಲವಾಗಿದೆ, ಯಾವುದು ಇನ್ನೂ ಗಟ್ಟಿ ಇದೆ ಅಂತ ನೋಡುವುದೇ ಅಲ್ಲಿ ಪರೀಕ್ಷೆ. ತನ್ನ ನೆಲದಿಂದ ದೂರ ಇದ್ದು ಕಾಯಿಲೆ ಬಿದ್ದವನಿಗೆ ಊರಿಗೆ ಹೋಗಿ ಬರುವುದೂ ಚಿಕಿತ್ಸೆಯ ಭಾಗ. ಮಧ್ಯ ಆಸ್ಟ್ರೇಲಿಯಾದ ಆನಂಗು ಜನರಲ್ಲಿ ಙಂಕಾರಿ ಎಂಬ ಸಾಂಪ್ರದಾಯಿಕ ವೈದ್ಯರಿದ್ದಾರೆ. ಕ್ಲಿನಿಕ್ಕಿನವರು ಅವರ ಜೊತೆ ಸೇರಿ ಕೆಲಸ ಮಾಡುವ ಕಡೆ ಜನ ಎರಡೂ ಕಡೆ ಹೋಗುತ್ತಾರೆ, ಯಾರಿಗೂ ಮುಚ್ಚಿಡುವುದಿಲ್ಲ.

ಹಂತ 6: ದಿನ, ಜಾಗ, ಊಟ

ಊರಲ್ಲಿ ಸಾವಾಗಿದ್ದರೆ ಎಲ್ಲ ನಿಲ್ಲುತ್ತದೆ. ಅದನ್ನು ಸಾರಿ ಬಿಸಿನೆಸ್ ಅನ್ನುತ್ತಾರೆ. ದಿನಗಟ್ಟಲೆ, ವಾರಗಟ್ಟಲೆ ಆಗಬಹುದು. ಆಗ ತರಬೇತಿ ಇಲ್ಲ, ವಿಚಾರಿಸಲು ಫೋನೂ ಇಲ್ಲ. ಕಾಯಿರಿ. ವಿಮಾನದ ಟಿಕೆಟ್ ಬದಲಿಸಬಹುದಾದದ್ದನ್ನೇ ತೆಗೆದುಕೊಳ್ಳಿ.

ಜಾಗ ಪೊಲೀಸ್ ಸ್ಟೇಷನ್ ಪಕ್ಕದ ಸರ್ಕಾರಿ ಹಾಲ್ ಆಗದಿರಲಿ. ಮರದ ಕೆಳಗೆ, ನದಿ ದಡದಲ್ಲಿ, ಗುಂಪು ಹೇಳಿದ ಕಡೆ. ವೃತ್ತಾಕಾರವಾಗಿ ಕೂರಿ. ಊಟ ಚೆನ್ನಾಗಿರಲಿ, ಕರೆತರಲು ಗಾಡಿ ಇರಲಿ, ಮಕ್ಕಳನ್ನು ನೋಡಿಕೊಳ್ಳುವವರು ಇರಲಿ. ಆ ನೆಲದ ಹಿರಿಯರು ಸ್ವಾಗತ ಹೇಳಿ ಶುರು ಮಾಡುತ್ತಾರೆ. ಆ ಸ್ವಾಗತ ಹೇಳುವ ಹಕ್ಕು ಅವರದ್ದು ಮಾತ್ರ. ನೀವು ಮಾಡಬಹುದಾದದ್ದು ನೆಲದ ಒಡೆಯರನ್ನು ನೆನೆಯುವುದು, ಗೌರವ ಹೇಳುವುದು.

ಶುರುವಿನಲ್ಲೇ ನಾಲ್ಕು ಮಾತು ಒಪ್ಪಿಕೊಳ್ಳಿ. ಯಾವಾಗ ಬೇಕಾದರೂ ಎದ್ದು ಹೋಗಬಹುದು. ತೀರಿಹೋದವರ ಹೆಸರು ಎತ್ತುವುದಿಲ್ಲ. ಹೇಗೆ ಸತ್ತರು ಅನ್ನುವ ವಿವರ ಯಾರೂ ಹೇಳುವುದಿಲ್ಲ. ಇಲ್ಲಿ ಕೇಳಿದ್ದು ಇಲ್ಲೇ, ಆದರೆ ಪ್ರಾಣಕ್ಕೆ ಅಪಾಯ ಇದೆ ಅನಿಸಿದರೆ ಸಹಾಯ ಕರೆಯುತ್ತೇವೆ.

ಹಂತ 7: ಕೇಳುವುದನ್ನು ಕಲಿಸುವುದು

ತರಬೇತಿಯ ನಡುಮನೆ ಇದು. ಹೆಚ್ಚು ಹೊತ್ತು ಇಲ್ಲೇ ಕೊಡಿ.

ಲಕ್ಷಣಗಳ ಪಟ್ಟಿ ಬೇಗ ಮುಗಿಯುತ್ತದೆ. ಜನರಿಂದ ದೂರ ಇರುವುದು, ಕುಡಿತ ಜಾಸ್ತಿ ಆಗುವುದು, ಸಿಟ್ಟು, ಇಷ್ಟದ ವಸ್ತು ಕೊಟ್ಟುಬಿಡುವುದು, "ನಾನು ಎಲ್ಲರಿಗೂ ಭಾರ" ಅನ್ನುವುದು. ಪಟ್ಟಿಯನ್ನು ನೀವು ಓದಬೇಡಿ. "ನಿಮ್ಮ ಹುಡುಗರು ಸರಿಯಿಲ್ಲ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ?" ಅಂತ ಕೇಳಿ, ಅವರು ಹೇಳಿದ್ದನ್ನು ಬರೆಯಿರಿ. ಫುಟ್‌ಬಾಲ್ ಆಟಕ್ಕೆ ಬರುವುದು ನಿಲ್ಲಿಸಿದ, ಅಜ್ಜಿ ಮನೆಗೆ ಹೋಗುತ್ತಿಲ್ಲ. ಇಂಥವು ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಇನ್ನೊಂದು ಎಚ್ಚರಿಕೆ ಡಾಕ್ಟರುಗಳಿಗೆ. ತೀರಿಹೋದ ಬಂಧು ಕಂಡರು, ಮಾತಾಡಿಸಿದರು ಅಂತ ಯಾರಾದರೂ ಹೇಳಿದರೆ ತಕ್ಷಣ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮನೋರೋಗ) ಅಂತ ಬರೆಯಬೇಡಿ. ಹಲವು ಸಮುದಾಯಗಳಲ್ಲಿ ದುಃಖದ ಕಾಲದಲ್ಲಿ ಅದು ಸಹಜ, ಸಮಾಧಾನವೂ ಹೌದು. ಹೆದರಿಕೆ ತರುತ್ತಿದೆಯಾ, "ಬಾ" ಅಂತ ಕರೆಯುತ್ತಿದೆಯಾ ಅಂತ ಕೇಳಿ. ಹಿರಿಯರೊಬ್ಬರನ್ನು ಜೊತೆಗೆ ಕರೆದು ಅರ್ಥ ಮಾಡಿಕೊಳ್ಳಿ.

ಈಗ ಪ್ರಶ್ನೆ. ಎಲ್ಲ ತರಬೇತಿಗಳೂ ಹೇಳುತ್ತವೆ: ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇದು ಇಲ್ಲಿಯೂ ನಿಜ. ಆದರೆ ಹೇಗೆ ಕೇಳುತ್ತೀರಿ ಅನ್ನುವುದು ಬದಲಾಗಬೇಕು. ಎದುರು ಕೂತು, ಕಣ್ಣಲ್ಲಿ ಕಣ್ಣಿಟ್ಟು, ಒಂದರ ಹಿಂದೆ ಒಂದು ಪ್ರಶ್ನೆ ಹಾಕಿದರೆ ಅದು ಪೊಲೀಸ್ ವಿಚಾರಣೆ ಆಗುತ್ತದೆ. ಭಾಷಾ ವಿಜ್ಞಾನಿ ಡಯಾನಾ ಈಡ್ಸ್ ಕೋರ್ಟುಗಳಲ್ಲಿ ಗಮನಿಸಿ ಬರೆದ ವಿಷಯ ಒಂದಿದೆ. ಅಧಿಕಾರದಲ್ಲಿರುವವರು ಹೌದಾ ಅಲ್ವಾ ಅಂತ ಕೇಳಿದಾಗ ಅಬೊರಿಜಿನಲ್ ಜನ ಎಷ್ಟೋ ಸಲ, ನಿಜ ಏನೇ ಇರಲಿ, "ಹೌದು" ಅಂದುಬಿಡುತ್ತಾರೆ. ಮಾತು ಮುಗಿಯಲಿ ಅಂತ. ಕ್ಲಿನಿಕ್ಕಿನಲ್ಲೂ ಹೀಗಾಗುತ್ತದೆ. "ಈಗ ಪರವಾಗಿಲ್ಲ ಅಲ್ವಾ?" ಅಂದರೆ "ಹೂಂ" ಅಂತಲೇ ಉತ್ತರ. ಮನೆಗೆ ಕಳಿಸಿಬಿಡುತ್ತೀರಿ. ಹಾಗಾಗಿ ಉತ್ತರವನ್ನು ಬಾಯಿಗೆ ಇಟ್ಟು ಕೇಳಬೇಡಿ.

ಪಕ್ಕದಲ್ಲಿ ಕೂರಿ. ಇಬ್ಬರೂ ಬೆಂಕಿ ಕಡೆಗೋ ನದಿ ಕಡೆಗೋ ನೋಡುತ್ತಿರಿ. ಗಾಡಿಯಲ್ಲಿ ಹೋಗುವಾಗಲೂ ಆಗುತ್ತದೆ. ಮೊದಲು ಬೇರೆ ಮಾತು. ಮೌನ ಬಂದರೆ ತುಂಬಲು ಹೋಗಬೇಡಿ. ಕೇಳುವವರೂ ಸರಿಯಾದವರಾಗಿರಬೇಕು. ಅಲ್ಲಿ ಅಮ್ಮನ ಅಕ್ಕ ತಂಗಿಯರೂ ಅಮ್ಮಂದಿರೇ, ನಮ್ಮ ದೊಡ್ಡಮ್ಮ ಚಿಕ್ಕಮ್ಮನ ಹಾಗೆ. ಅಂಥವರು ಹುಡುಗನನ್ನು ಕೇಳುವ ರೀತಿ ಹೀಗಿರಬಹುದು:

"ಮಗಾ, ನಿನ್ನ ಅಣ್ಣ ಹೋದಾಗಿನಿಂದ ನಿನ್ನನ್ನು ನೋಡುತ್ತಿದ್ದೀನಿ. ಬೆಂಕಿ ಹತ್ತಿರ ಬರೋದೇ ಬಿಟ್ಟೆ."

"ಏನಿಲ್ಲ ಆಂಟಿ. ಸುಸ್ತು."

"ಹೂಂ. ದುಃಖ ತುಂಬಾ ಭಾರ ಆದಾಗ ಕೆಲವರಿಗೆ ಬದುಕೋದೇ ಬೇಡ ಅನಿಸುತ್ತೆ. ಪ್ರಾಣ ಕಳೆದುಕೊಳ್ಳೋಣ ಅಂತ ಯೋಚನೆ ಬರುತ್ತೆ. ನಿನಗೂ ಹಾಗೆ ಬರುತ್ತಾ?"

ಗಮನಿಸಿ, ಸುತ್ತಿ ಬಂದರೂ ಕೊನೆಗೆ ಪ್ರಶ್ನೆ ಸ್ಪಷ್ಟ. "ತಪ್ಪು ಕೆಲಸ ಮಾಡ್ಕೋಬೇಡ" ಅನ್ನುವ ಬುದ್ಧಿಮಾತು ಇಲ್ಲ. ಈ ಅಭ್ಯಾಸವನ್ನು ಇಬ್ಬಿಬ್ಬರು ಕೂತು ಮಾಡಲಿ, ತಮ್ಮ ಭಾಷೆಯಲ್ಲಿ, ತಮ್ಮ ಮಾತಲ್ಲಿ. ನೀವು ತಿದ್ದಲು ಹೋಗಬೇಡಿ. ಸ್ಪಷ್ಟವಾಗಿ ಕೇಳಿದರಾ ಅಂತ ಮಾತ್ರ ನೋಡಿ.

"ಹೌದು" ಎಂದು ಬಂದರೆ? ಒಬ್ಬರೇ ಬಿಡಬೇಡಿ. ಬೈಯಬೇಡಿ. ಗುಟ್ಟಾಗಿ ಇಡುತ್ತೇನೆ ಅಂತ ಮಾತು ಕೊಡಬೇಡಿ. ಅಪಾಯ ಮಾಡುವ ವಸ್ತುಗಳನ್ನು ಮನೆಯವರ ಸಹಾಯದಿಂದ ದೂರ ಇಡಿ. ಕಷ್ಟದ ಹೊತ್ತು ಕಳೆಯಲು ಯಾರ ಜೊತೆ ಇರಬೇಕು, ಎಲ್ಲಿ ಮಲಗಬೇಕು, ಬೆಳಿಗ್ಗೆ ಯಾರು ಬರುತ್ತಾರೆ ಅಂತ ಕೂತು ತೀರ್ಮಾನಿಸಿ. ಆ ಯೋಜನೆಯಲ್ಲಿ ಫೋನ್ ನಂಬರುಗಳಷ್ಟೇ ಅಲ್ಲ, ಮೀನು ಹಿಡಿಯಲು ಜೊತೆಗೆ ಹೋಗುವ ಅಂಕಲ್, ಮನಸ್ಸು ನೆಲೆಸುವ ಜಾಗ, ಇವೂ ಇರಬೇಕು.

ಹಂತ 8: ಸಹಾಯ ಕರೆದರೆ ಯಾರು ಬರುತ್ತಾರೆ?

"000ಗೆ ಫೋನ್ ಮಾಡಿ" ಅಂತ ಸ್ಲೈಡಿನಲ್ಲಿ ಒಂದು ಸಾಲು ಇರುತ್ತದೆ. ಫೋನ್ ಮಾಡಿದರೆ ಎಷ್ಟೋ ಸಲ ಮೊದಲು ಬರುವುದು ಪೊಲೀಸ್. 1987ರಿಂದ 1991ರವರೆಗೆ ರಾಯಲ್ ಕಮಿಷನ್ ಎಂಬ ಉನ್ನತ ತನಿಖಾ ಆಯೋಗ ಕಸ್ಟಡಿಯಲ್ಲಿ ಸತ್ತ 99 ಅಬೊರಿಜಿನಲ್ ಜನರ ಪ್ರಕರಣ ತನಿಖೆ ಮಾಡಿತು. ಅಂಥ ಸಾವುಗಳು ಇನ್ನೂ ನಿಂತಿಲ್ಲ. ಮಗನಿಗೆ ಸಹಾಯ ಬೇಕು ಅಂತ ಕರೆದು ಮಗನನ್ನೇ ಕಳೆದುಕೊಂಡರೆ ಅನ್ನುವ ಭಯ ಸುಮ್ನೆ ಬಂದದ್ದಲ್ಲ. ಮಕ್ಕಳ ರಕ್ಷಣಾ ಇಲಾಖೆ ಬಗ್ಗೆಯೂ ಅದೇ ಭಯ. "ನನಗೆ ಸಾಯಬೇಕು ಅನಿಸುತ್ತೆ" ಅಂತ ಒಬ್ಬ ತಾಯಿ ಹೇಳದೇ ಇರಲು ಅದೊಂದೇ ಕಾರಣ ಸಾಕು.

ಹಾಗಾಗಿ ತರಬೇತಿಯಲ್ಲಿ ಇದನ್ನು ಬಾಯಿಬಿಟ್ಟು ಮಾತಾಡಿ. ವರದಿ ಮಾಡಲೇಬೇಕಾದ ಕಾನೂನು ನಿಮಗೆ ಯಾವಾಗ ಅನ್ವಯಿಸುತ್ತದೆ ಅಂತ ಮುಚ್ಚುಮರೆ ಇಲ್ಲದೆ ಹೇಳಿ. ಆಂಬುಲೆನ್ಸ್, ಕ್ಲಿನಿಕ್, ಅಬೊರಿಜಿನಲ್ ಹೆಲ್ತ್ ವರ್ಕರ್, ರಾತ್ರಿ ಗಸ್ತಿನ ಸ್ಥಳೀಯ ತಂಡ, ಇವರಲ್ಲಿ ಮೊದಲು ಯಾರನ್ನು ಕರೆಯಬಹುದು ಅಂತ ಊರಿನದ್ದೇ ಒಂದು ಪಟ್ಟಿ ಮಾಡಿ. ಆಸ್ಪತ್ರೆಗೆ ಹೋಗಬೇಕಾದರೆ ಜೊತೆಗೆ ಯಾರು ಹೋಗುತ್ತಾರೆ ಅಂತಲೂ ಬರೆಯಿರಿ. ಪ್ರಾಣ ಹೋಗುವ ಹೊತ್ತಿನಲ್ಲಿ 000 ಕರೆಯಲೇಬೇಕು. ಆಗ ಏನು ಹೇಳಬೇಕು, ಆಂಬುಲೆನ್ಸ್ ಬೇಕು ಅಂತ ಹೇಗೆ ಒತ್ತಿ ಹೇಳಬೇಕು ಅನ್ನುವುದನ್ನೂ ಅಭ್ಯಾಸ ಮಾಡಿಸಿ.

ಹಂತ 9: ಒಂದು ಸಾವಾದರೆ

ಎಷ್ಟು ಮಾಡಿದರೂ ಆಗಬಹುದು. ತರಬೇತಿ ಪಡೆದವರು ಆಗ "ನಾನು ಗಮನಿಸಬೇಕಿತ್ತು" ಅಂತ ತಮ್ಮನ್ನೇ ಸುಡುತ್ತಾರೆ. ಇದರ ಬಗ್ಗೆ ಮೊದಲೇ ಮಾತಾಡಿರಬೇಕು. ಒಂದು ಸಾವಿನ ಹಿಂದೆ ಇನ್ನೊಂದು ಬರುವ ಅಪಾಯ ಸಣ್ಣ ಊರುಗಳಲ್ಲಿ ಜಾಸ್ತಿ, ಅದರಲ್ಲೂ ಹುಡುಗರಲ್ಲಿ. ಅವನ ಗೆಳೆಯರು, ತಮ್ಮಂದಿರು ಯಾರು ಅಂತ ನೋಡಿ ಅವರ ಜೊತೆ ಯಾರಾದರೂ ಇರುವ ಹಾಗೆ ಮಾಡಿ. ತೀರಿಹೋದವರ ಹೆಸರು, ಫೋಟೋ ಬಳಸುವ ಮುಂಚೆ ಮನೆಯವರನ್ನು ಕೇಳಿ. ಮಧ್ಯ ಆಸ್ಟ್ರೇಲಿಯಾದ ಕೆಲವು ಕಡೆ ಹೆಸರಿನ ಬದಲು ಕುಮಂಜಾಯಿ ಅನ್ನುತ್ತಾರೆ. ಫೇಸ್‌ಬುಕ್ಕಿನಲ್ಲಿ ವಿವರ ಹರಡದ ಹಾಗೆ ಯುವಜನರೇ ನೋಡಿಕೊಳ್ಳಲಿ. ಇಂಥ ಕುಟುಂಬಗಳ ಜೊತೆ ನಿಲ್ಲಲು ತಿರಿಲಿ ಎಂಬ ಅಬೊರಿಜಿನಲ್ ಸಂಸ್ಥೆ ಇದೆ, ನಂಬರ್ 1800 805 801.

ಹಂತ 10: ಅಳೆಯುವುದು, ಬಿಟ್ಟುಕೊಡುವುದು

ಎಷ್ಟು ಜನ ಬಂದರು, ಎಷ್ಟು ಸರ್ಟಿಫಿಕೇಟ್ ಕೊಟ್ಟೆವು ಅನ್ನುವುದು ಇಲಾಖೆಗೆ ಬೇಕು. ಊರಿಗೆ ಬೇಕಾದ ಪ್ರಶ್ನೆ ಬೇರೆ. ಮೂರು ತಿಂಗಳ ಮೇಲೆ, ಆರು ತಿಂಗಳ ಮೇಲೆ ಯಾರಾದರೂ ಯಾರನ್ನಾದರೂ ಕೇಳಿದರಾ? ಕೇಳಿದಾಗ ಏನಾಯಿತು? ತರಬೇತಿ ಪಡೆದವರು ಹೇಗಿದ್ದಾರೆ? ತರಬೇತಿ ಅವರಿಗೆ ಸುರಕ್ಷಿತ ಅನಿಸಿತ್ತಾ? ಉತ್ತರಗಳು ಊರಿನ ಸೊತ್ತು. ಅವುಗಳನ್ನು ಯಾರಿಗೆ ತೋರಿಸಬೇಕು ಅಂತ ಸಲಹಾ ಗುಂಪು ಹೇಳಬೇಕು.

ಊರೇ ಲೆಕ್ಕ ಇಟ್ಟು ನಡೆಸಿದರೆ ಏನಾಗಬಹುದು ಅನ್ನುವುದಕ್ಕೆ ಅಮೆರಿಕದ ಅರಿಜೋನಾದ ವೈಟ್ ಮೌಂಟನ್ ಅಪಾಚೆ ಜನ ಉದಾಹರಣೆ. 2001ರಲ್ಲಿ ಅವರ ಬುಡಕಟ್ಟು ಸರ್ಕಾರವೇ ನಿಯಮ ತಂದಿತು. ಆತ್ಮಹತ್ಯೆಯ ಯೋಚನೆ, ಪ್ರಯತ್ನ, ಸಾವು ಯಾವುದೇ ಇರಲಿ, ತಮ್ಮದೇ ದಾಖಲೆಗೆ ತಿಳಿಸಬೇಕು. ದಾಖಲಾದ ಪ್ರತಿಯೊಬ್ಬರ ಮನೆಗೆ ಅಪಾಚೆ ಕಾರ್ಯಕರ್ತರೇ ಹೋಗಿ ಮಾತಾಡಿಸುತ್ತಾರೆ, ಚಿಕಿತ್ಸೆಗೆ ಜೊತೆ ಮಾಡುತ್ತಾರೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಜೊತೆಗಿತ್ತು, ಆದರೆ ಹಿಡಿತ ಬುಡಕಟ್ಟಿನದ್ದು. 2001–2006ರಲ್ಲಿ ಲಕ್ಷಕ್ಕೆ 40 ಇದ್ದ ಆತ್ಮಹತ್ಯೆ ಪ್ರಮಾಣ 2007–2012ರಲ್ಲಿ 24.7ಕ್ಕೆ ಇಳಿಯಿತು.

ನಿಮ್ಮ ಮೊದಲ ತರಬೇತಿಯಲ್ಲೇ ಇಬ್ಬರು ಮೂವರು ಸ್ಥಳೀಯರು ಕಲಿಸುವವರಾಗಲು ಮುಂದೆ ಬರುತ್ತಾರೆ. ಅವರ ಕೋರ್ಸಿಗೆ, ಸಂಬಳಕ್ಕೆ ದುಡ್ಡು ಹುಡುಕಿ. ಮುಂದಿನ ಸಲ ಅವರು ಕಲಿಸಲಿ, ನೀವು ಟೀ ಕೊಡಿ.

ಕರ್ನಾಟಕದಲ್ಲಿ ಇದನ್ನು ಬಳಸುವವರಿಗೆ

ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ನಾಗರಹೊಳೆಯ ಜೇನು ಕುರುಬರು, ಕರಾವಳಿಯ ಕೊರಗರ ನಡುವೆ ಕೆಲಸ ಮಾಡುವ ಆಶಾ ಕಾರ್ಯಕರ್ತೆಯರು, ಡಾಕ್ಟರುಗಳು ಕೇಳಬಹುದು: ನಮಗೂ ಇದು ಆಗುತ್ತದಾ? ಆಸ್ಟ್ರೇಲಿಯಾದ ಪಠ್ಯವನ್ನು ಇಲ್ಲಿ ಹಾಗೇ ತರಬೇಡಿ. ಕಾಡಿನಿಂದ ಎಬ್ಬಿಸಿದ ಕಥೆ ಇಲ್ಲಿಯದ್ದೇ. ಕೊರಗರಿಂದ ಮೇಲ್ಜಾತಿಯವರಿಗಾಗಿ ಅವಮಾನದ ಆಚರಣೆ ಮಾಡಿಸುತ್ತಿದ್ದ ಅಜಲು ಪದ್ಧತಿಯನ್ನು 2000ದಲ್ಲಿ ಕಾನೂನು ತಂದು ನಿಷೇಧಿಸಬೇಕಾಯಿತು. ಆ ಅವಮಾನದ ಭಾರವೂ ಇಲ್ಲಿಯದ್ದೇ. ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಚಾಂಡ್ಲರ್ ಹೇಳಿದ ಹಿಡಿತದ ಲೆಕ್ಕದಲ್ಲಿ ನೋಡಿದರೆ ಅದನ್ನೂ ಮನಸ್ಸಿನ ಆರೋಗ್ಯದ ವಿಷಯ ಅಂತಲೇ ನಾನು ತಿಳಿಯುತ್ತೇನೆ.

ಇಲ್ಲಿಗೆ ತರಬಹುದಾದದ್ದು ಹಂತಗಳ ಕ್ರಮ. ಪೋಡಿನ (ಸೋಲಿಗರ ಊರಿನ) ಯಜಮಾನರು, ತಮ್ಮಡಿ (ಪೂಜಾರಿ), ಹಾಡಿಯ ಹೆಂಗಸರು, ಶಾಲೆ ಬಿಟ್ಟ ಹುಡುಗರು, ಇವರನ್ನು ಕೇಳಿ ಶುರು ಮಾಡಿ. ಫೋನ್ ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ನೋಡಿಕೊಳ್ಳಿ, 14416 ಅಂತ ಗೋಡೆ ಮೇಲೆ ಬರೆಯುವ ಮುಂಚೆ. ಆ ಸಮುದಾಯದಲ್ಲೇ ಹುಟ್ಟಿದ ನರ್ಸು, ಟೀಚರು, ಅಂಗನವಾಡಿ ಕಾರ್ಯಕರ್ತೆ ಯಾರಿದ್ದಾರೆ ನೋಡಿ. ತರಬೇತಿಯ ಮೊದಲ ಸಂಬಳ ಅವರಿಗೆ ಹೋಗಲಿ.